ಇಲಿಜ್ವರದ ಮೊದಲ ಸೀರಮ್ ಎಲ್ಲಿಡುವುದು? ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಿಷಯ: ಜೀವವೈದ್ಯಕೀಯ ಸಂಶೋಧಕರಿಗಾಗಿ ಕೊಡಗಿನಲ್ಲಿ ಒಂದು ಹಂಚಿಕೆಯ ಮಾದರಿ ಸಂಗ್ರಹ ಮತ್ತು ಡೇಟಾ ಕೋಶ.

ಕೊಡಗಿನ ಆಸ್ಪತ್ರೆ, ಕಾಲೇಜು, ಪ್ರಯೋಗಾಲಯಗಳಲ್ಲಿ ರಕ್ತ, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ), ಅಂಕಿಅಂಶಗಳ ಕೆಲಸ ಮಾಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಯಾವುದೇ ಒಂದು ವಿಭಾಗದ ಸ್ವತ್ತಾಗದೆ ಜಿಲ್ಲೆಯ ಎಲ್ಲ ಸಂಶೋಧಕರಿಗೂ ತೆರೆದಿರುವ ಒಂದು ಸಂಗ್ರಹ ಕೊಠಡಿ ಬೇಕು, ಅದನ್ನು ನೋಡಿಕೊಳ್ಳಲು ಇಬ್ಬರು ಕಾಯಂ ಸಿಬ್ಬಂದಿ ಬೇಕು. ಹೊಸ ಕಟ್ಟಡವನ್ನೂ ಕೇಳುತ್ತಿಲ್ಲ, ಕೋಟಿ ಬೆಲೆಯ ಯಂತ್ರವನ್ನೂ ಕೇಳುತ್ತಿಲ್ಲ.

ಇಲಿಜ್ವರದ (ಲೆಪ್ಟೊಸ್ಪೈರೋಸಿಸ್) ಉದಾಹರಣೆಯಿಂದಲೇ ಶುರು ಮಾಡುತ್ತೇವೆ. ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ, ತೋಟದ ಚರಂಡಿಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಬರುವ ಜ್ವರವಿದು. ಮೊದಲ ವಾರ ರೋಗಾಣು ರಕ್ತದಲ್ಲಿರುತ್ತದೆ, ಅದರ ಡಿಎನ್‌ಎ ಹುಡುಕುವ ಪರೀಕ್ಷೆಯಾದ ಪಿಸಿಆರ್‌ಗೆ ಸಿಗುತ್ತದೆ. ಆಮೇಲೆ ರಕ್ತದಿಂದ ಮರೆಯಾಗಿ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಲೆ ಇದೇ ಎಂದು ಖಚಿತವಾಗಿ ಹೇಳುವ, ರಕ್ತದ ಪ್ರತಿಕಾಯ ಅಳೆಯುವ ಮ್ಯಾಟ್ ಪರೀಕ್ಷೆಗೆ ಜೋಡಿ ಸೀರಮ್ ಬೇಕು. ಜ್ವರವಿದ್ದಾಗ ತೆಗೆದದ್ದು ಒಂದು, ಸುಮಾರು ಎರಡು ವಾರದ ನಂತರ ತೆಗೆದದ್ದು ಇನ್ನೊಂದು. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದ್ದರೆ, ಅಂದರೆ 1:100 ಇದ್ದದ್ದು 1:400 ಆಗಿದ್ದರೆ, ಸೋಂಕು ಈ ಸಲದ್ದೇ. ಮೊದಲನೆಯದು ಕೈಯಲ್ಲಿಲ್ಲದೆ ಎರಡನೆಯದರಲ್ಲಿ 1:400 ಬಂದರೆ ಅದು ಈ ವರ್ಷದ ಜ್ವರವೋ ಹೋದ ವರ್ಷದ್ದೋ ಗೊತ್ತಾಗುವುದಿಲ್ಲ. ವರ್ಷವರ್ಷವೂ ಕೆಸರು ತುಳಿಯುವವರ ಮೈಯಲ್ಲಿ ಹಳೆಯ ಪ್ರತಿಕಾಯ ಉಳಿದಿರುವುದು ಸಹಜ.

ಮೊದಲ ಸೀರಮ್‌ಗೆ ಆಗುವುದೇನು? ಸಾಮಾನ್ಯವಾಗಿ ಲ್ಯಾಬಿನ ಫ್ರಿಜ್ಜಿನಲ್ಲಿ ಕೆಲವು ದಿನ ಇದ್ದು ತ್ಯಾಜ್ಯಕ್ಕೆ ಹೋಗುತ್ತದೆ. ಇಡಲು ಬೇರೆ ಜಾಗವೇ ಇರುವುದಿಲ್ಲ. ತೋಟದ ಲೈನ್ ಮನೆಯಲ್ಲಿದ್ದ (ಕಾರ್ಮಿಕರ ಸಾಲುಮನೆ) ಕಾರ್ಮಿಕ ಎರಡು ವಾರ ಕಳೆಯುವಷ್ಟರಲ್ಲಿ ಬೇರೆ ತೋಟಕ್ಕೋ ತನ್ನ ಊರಿಗೋ ಹೋಗಿರುತ್ತಾನೆ. ಅವನು ಮರಳಿ ಬಂದು ಎರಡನೇ ರಕ್ತ ಕೊಟ್ಟರೂ ಅದಕ್ಕೆ ಜೋಡಿ ಇಲ್ಲ. ಹೀಗಾಗಿ ಜಿಲ್ಲೆಯಲ್ಲಿ ಈ ಜ್ವರ ನಿಜಕ್ಕೂ ಎಷ್ಟಿದೆ, ಯಾವ ಬಗೆಯದು ಎಂಬ ಪ್ರಶ್ನೆಗೆ ಪ್ರತಿ ಮಳೆಗಾಲವೂ ಮೊದಲಿನಿಂದ ಉತ್ತರ ಹುಡುಕಬೇಕಾಗುತ್ತದೆ.

ಒಂದು ಮಾದರಿಯನ್ನು ಸರಿಯಾಗಿ ಉಳಿಸುವುದು ಅಂದರೆ ಏನು ಎಂಬುದು ತಮಗೆ ತಿಳಿದಿರಬೇಕು. ಐದು ಮಿ.ಲೀ. ರಕ್ತ ತೆಗೆದು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ತಡವಾದರೆ, ಇಲ್ಲವೇ ಜೀಪಿನಲ್ಲಿ ಕುಲುಕಿದರೆ, ಕೆಂಪು ಕಣ ಒಡೆದು ಸೀರಮ್ ಕೆಂಪಾಗುತ್ತದೆ, ಹಲವು ಪರೀಕ್ಷೆಗೆ ಕೆಲಸಕ್ಕೆ ಬರುವುದಿಲ್ಲ. ಸಿಕ್ಕ ಎರಡು ಮಿ.ಲೀ. ಸೀರಮನ್ನು ಒಂದೇ ಕೊಳವೆಯಲ್ಲಿ ಇಡಲೇಬಾರದು. ಅರ್ಧ ಅರ್ಧ ಮಿ.ಲೀ.ನಂತೆ ನಾಲ್ಕು ಕೊಳವೆ ಮಾಡಬೇಕು. ಒಂದೇ ಕೊಳವೆಯನ್ನು ಪರೀಕ್ಷೆಗೊಮ್ಮೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುತ್ತ ಹೋದರೆ ಆರ್‌ಎನ್‌ಎ ಚೂರಾಗುತ್ತದೆ, ಪ್ರೋಟೀನ್ ಕೆಡುತ್ತದೆ. ಪೆನ್ನಿನಲ್ಲಿ ಬರೆದ ಹೆಸರು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಮಾಮೂಲಿ ಸ್ಟಿಕ್ಕರ್ ಮೈನಸ್ 80 ಡಿಗ್ರಿಯಲ್ಲಿ ಕಳಚಿ ಪೆಟ್ಟಿಗೆಯ ತಳ ಸೇರುತ್ತದೆ. ಚಳಿ ತಡೆಯುವ ಬಾರ್‌ಕೋಡ್ ಲೇಬಲ್ಲೇ ಬೇಕು. ಅದಕ್ಕೆ ದೊಡ್ಡ ದುಡ್ಡೇನೂ ಆಗುವುದಿಲ್ಲ. ಲೇಬಲ್ ಕಳಚಿದ ಕೊಳವೆ ಮಾತ್ರ ಯಾರದ್ದೂ ಅಲ್ಲ.

ಇನ್ನು ಫ್ರೀಜರ್. ಮನೆಯ ಫ್ರಾಸ್ಟ್-ಫ್ರೀ ಫ್ರಿಜ್ ಈ ಕೆಲಸಕ್ಕೆ ಆಗದು. ಮಂಜು ಕರಗಿಸಲು ಅದು ತಾನೇ ಆಗಾಗ ಬಿಸಿಯಾಗುತ್ತದೆ, ಒಳಗಿನ ಮಾದರಿ ಪ್ರತಿ ಸಲವೂ ಅರೆಕರಗುತ್ತದೆ. ಬೇಕಿರುವುದು ಮೈನಸ್ 80ರ ಎರಡು ಫ್ರೀಜರ್. ಸುಮಾರು 500 ಲೀಟರಿನ ಒಂದರಲ್ಲಿ ನೂರು ಕೊಳವೆಯ ಪೆಟ್ಟಿಗೆ 300ಕ್ಕೂ ಹೆಚ್ಚು ಹಿಡಿಯುತ್ತವೆ, ಅಂದರೆ 30 ಸಾವಿರ ಕೊಳವೆ. ಒಂದೇ ರೋಗಿಯ ನಾಲ್ಕು ಕೊಳವೆಗಳಲ್ಲಿ ಎರಡು ಇದರಲ್ಲಿ, ಎರಡು ಅದರಲ್ಲಿ ಇರಬೇಕು. ಎರಡರಲ್ಲೂ ಒಂದಷ್ಟು ಜಾಗ ಸದಾ ಖಾಲಿ ಇರಲಿ. ಒಂದು ಕೆಟ್ಟ ದಿನ ಇನ್ನೊಂದಕ್ಕೆ ಸಾಗಿಸಲು ಅದು ಬೇಕೇ ಬೇಕು.

ಕೊಡಗಿನಲ್ಲಿ ಫ್ರೀಜರಿಗಿಂತ ದೊಡ್ಡ ತಲೆನೋವು ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ತಮಗೂ ಗೊತ್ತು. ತುಂಬಿದ ಫ್ರೀಜರ್ ಬಾಗಿಲು ಮುಚ್ಚಿಯೇ ಇದ್ದರೂ ಮೂರರಿಂದ ಐದು ಗಂಟೆಯಲ್ಲಿ ಮೈನಸ್ 50ರ ಆಸುಪಾಸಿಗೆ ಬರುತ್ತದೆ, ಅರ್ಧ ಖಾಲಿ ಇದ್ದರೆ ಇನ್ನೂ ಬೇಗ. ಜನರೇಟರ್ ಇದೆ ಅಂದರೆ ಸಾಲದು. ರಾತ್ರಿ ಎರಡು ಗಂಟೆಗೆ ಎದ್ದು ಚೇಂಜ್‌ಓವರ್ ಸ್ವಿಚ್ ತಿರುಗಿಸುವವರು ಯಾರು? ತಾನಾಗಿ ಬದಲಾಗುವ ಚೇಂಜ್‌ಓವರ್ ಬೇಕು. ಕರೆಂಟು ಮರಳಿದಾಗ ಮೊದಲ ಕೆಲವು ನಿಮಿಷ ವೋಲ್ಟೇಜ್ ಏರಿಳಿಯುತ್ತದೆ, ಕಂಪ್ರೆಸರ್ ಸುಡುವುದು ಆಗಲೇ. ಆದ್ದರಿಂದ ಸ್ಟೆಬಿಲೈಸರಿನ ಜೊತೆ ಕೆಲವು ನಿಮಿಷ ತಡೆದು ಕರೆಂಟು ಕೊಡುವ ಡಿಲೇ ಟೈಮರೂ ಇರಬೇಕು. ಅಲಾರ್ಮ್ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಮಳೆಗೆ ಟವರಿನ ಬ್ಯಾಟರಿಯೂ ಮುಗಿದ ದಿನ ಮೆಸೇಜ್ ಬರುವುದಿಲ್ಲ, ಹಾಗಾಗಿ ಕಾವಲುಗಾರನ ಕೋಣೆಗೆ ತಂತಿ ಎಳೆದು ಒಂದು ಸೈರನ್ ಹಾಕಿಸಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಅಂಥ ವಾರಕ್ಕೂ ಸಾಕಾಗುವಷ್ಟು ಡೀಸೆಲ್ ಸಂಗ್ರಹ ಇರಬೇಕು.

ಜೀವಂತ ಕೋಶಗಳನ್ನು ಉಳಿಸಲು ಮೈನಸ್ 80 ಸಾಲದು, ಮೈನಸ್ 196ರ ದ್ರವ ಸಾರಜನಕ ಬೇಕು. ಪಶುಪಾಲನಾ ಇಲಾಖೆ ಹಸುಗಳ ಕೃತಕ ಗರ್ಭಧಾರಣೆಗಾಗಿ ಅದನ್ನು ಜಾಡಿಗಳಲ್ಲಿ ತರಿಸುತ್ತಲೇ ಇದೆ. ಅದೇ ಗಾಡಿಯಲ್ಲಿ ಒಂದು ಜಾಡಿ ಹೆಚ್ಚಿಗೆ ಬಂದರೆ ನಮ್ಮ ಕೆಲಸ ನಡೆಯುತ್ತದೆ. ಹಂಚಿಕೆ ಅಂದರೆ ಇದೇ. ಒಂದು ಎಚ್ಚರಿಕೆ: ಮಳೆಗೆಂದು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಆವಿಯಾದ ಸಾರಜನಕ ಆಮ್ಲಜನಕವನ್ನು ಹೊರದೂಡುತ್ತದೆ, ಒಳಗಿದ್ದವರಿಗೆ ಸುಳಿವೂ ಸಿಗುವುದಿಲ್ಲ. ಆಮ್ಲಜನಕ ಶೇ. 19.5ಕ್ಕಿಂತ ಇಳಿದರೆ ಕೂಗುವ ಮೀಟರ್ ಇಲ್ಲದೆ ಆ ಜಾಡಿಯನ್ನು ಒಳಗೆ ಬಿಡಬಾರದು.

ದೊಡ್ಡ ಯಂತ್ರ ಬೇಡ ಎಂದೆವಲ್ಲ. ನಮ್ಮ ಕಾಫಿ ಬೆಳೆಗಾರ ತನ್ನ ತೋಟದಲ್ಲಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಕಾರ್ಖಾನೆ) ಕಟ್ಟಿಸುವುದಿಲ್ಲ. ಕಣದಲ್ಲಿ ಹದವಾಗಿ ಒಣಗಿಸಿ, ತೇವಾಂಶ ನೋಡಿ, ಚೀಲ ಕಟ್ಟಿ ಕುಶಾಲನಗರಕ್ಕೋ ಹುಣಸೂರಿಗೋ ಕಳಿಸುತ್ತಾನೆ. ಕಣದಲ್ಲಿ ಕೆಟ್ಟ ಕಾಫಿಯನ್ನು ಯಾವ ಕ್ಯೂರಿಂಗೂ ಸರಿಮಾಡದು. ನಮಗೆ ಬೇಕಿರುವುದು ಒಳ್ಳೆಯ ಕಣ. ಜೀನೋಮ್ ಓದುವ ಯಂತ್ರ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್, ಕೋಶ ವಿಂಗಡಿಸುವ ಸೈಟೋಮೀಟರ್‌ಗಳು ಬೆಂಗಳೂರಿನ ಸಂಶೋಧನಾ ಸೌಲಭ್ಯ ಕೇಂದ್ರವಾದ ಸಿ-ಕ್ಯಾಂಪ್‌ನಲ್ಲಿ ಶುಲ್ಕ ಕೊಟ್ಟರೆ ಹೊರಗಿನವರಿಗೂ ಸಿಗುತ್ತವೆ. ದೇಶದ ಸರ್ಕಾರಿ ಸಂಸ್ಥೆಗಳ ಉಪಕರಣ ಎಲ್ಲೆಲ್ಲಿವೆ, ಹೇಗೆ ಬುಕ್ ಮಾಡುವುದು ಎಂಬುದನ್ನು 2020ರ ಜನವರಿಯಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್ ತೋರಿಸುತ್ತದೆ. ಬೇಕಿರುವುದು ಅಲ್ಲಿಗೆ ತಲುಪಿಸುವ ವ್ಯವಸ್ಥೆ. ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ಹಾಕಿದ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಸೋರದ ಎರಡನೇ ಡಬ್ಬಿ, ಅದರೊಳಗೆ ಕೊಳವೆ. ಡ್ರೈ ಐಸ್ ದಿನಕ್ಕೆ ಮೂರು-ನಾಲ್ಕು ಕಿಲೋ ಆವಿಯಾಗುವುದರಿಂದ ಹೊರಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಿದರೆ ಸಿಡಿಯುತ್ತದೆ. ವಾರಾಂತ್ಯದಲ್ಲಿ ದಾರಿಯಲ್ಲೇ ಉಳಿಯದಂತೆ ಪೆಟ್ಟಿಗೆ ಸೋಮವಾರವೇ ಹೊರಡಬೇಕು. ತಿಂಗಳಿಗೆರಡು ನಿಗದಿತ ಗಾಡಿ ಇದ್ದರೆ ಸಾಕು.

ಪ್ರತಿ ವಿಭಾಗಕ್ಕೂ ಬೇರೆ ಬೇರೆ ಯಂತ್ರ ಕೊಂಡ ಕಡೆಗಳಲ್ಲಿ ಏನಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಮಾರ್ಚ್ ಮುಗಿಯುವ ಮೊದಲು ಅನುದಾನ ಖರ್ಚು ಮಾಡುವ ಅವಸರದಲ್ಲಿ ಯಂತ್ರ ಬರುತ್ತದೆ. ಕೋಣೆಗೆ ಎಸಿ ಇಲ್ಲ, ಅರ್ತಿಂಗ್ ಸರಿಯಿಲ್ಲ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎರಡು-ಮೂರು ವೋಲ್ಟಿಗಿಂತ ಹೆಚ್ಚು ಇದ್ದರೆ ಕಂಪನಿಯ ಎಂಜಿನಿಯರ್ ಸ್ವಿಚ್ ಹಾಕುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮೊದಲೇ ವಾರಂಟಿ ಓಡಲು ಶುರು. ಆಮೇಲೆ ನಿರ್ವಹಣಾ ಒಪ್ಪಂದಕ್ಕೆ ಪ್ರತಿ ವರ್ಷ ಖರೀದಿ ಬೆಲೆಯ ಶೇ. 5ರಿಂದ 10ರಷ್ಟು ಬೇಕು, ಅದಕ್ಕೆ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇರುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರದ ಮೇಲೆ ಜೇಡನ ಬಲೆಯಂತೆ ಬೂಷ್ಟು ಹರಡುತ್ತದೆ, ಒರೆಸಿದರೂ ಲೇಪನದಲ್ಲಿ ಗುರುತು ಉಳಿಯುತ್ತದೆ. ಕೋಣೆಯ ತೇವಾಂಶ ಶೇ. 50ರ ಸುತ್ತ ಉಳಿಸುವ ಡಿಹ್ಯುಮಿಡಿಫೈಯರ್ ಇಪ್ಪತ್ತು ಕೋಣೆಗೆ ಕೊಡಲಾಗದು. ಒಂದು ಕೋಣೆಗೆ ಖಂಡಿತ ಕೊಡಬಹುದು.

ಯಂತ್ರಕ್ಕಿಂತ ಮುಖ್ಯ ಅದನ್ನು ನೋಡಿಕೊಳ್ಳುವವರು. 11 ತಿಂಗಳ ಗುತ್ತಿಗೆಯ ಮೇಲೆ ಬಂದ ತಂತ್ರಜ್ಞೆ ಫ್ರೀಜರಿನ ಯಾವ ಅರೆಯಲ್ಲಿ ಏನಿದೆ ಎಂದು ಕಲಿಯುವಷ್ಟರಲ್ಲಿ ಹೊರಡುತ್ತಾಳೆ. ಅವಳ ಜೊತೆ ಲೆಕ್ಕವೂ ಹೋಗುತ್ತದೆ. ಒಬ್ಬ ತಂತ್ರಜ್ಞ, ಒಬ್ಬ ಡೇಟಾ ನಿರ್ವಾಹಕ, ಈ ಎರಡು ಹುದ್ದೆ ಕಾಯಂ ಆಗಿ ಮಂಜೂರಾಗಬೇಕು. ಇಡೀ ಪತ್ರದಲ್ಲಿ ಒಂದನ್ನೇ ಕೊಡುತ್ತೇವೆ ಎಂದು ತಾವು ಹೇಳಿದರೆ ನಾವು ಕೇಳಿಕೊಳ್ಳುವುದು ಇದನ್ನೇ.

ಇಲ್ಲಿ ಮಾಡಬಾರದ್ದೂ ಇದೆ. ಮಂಗನ ಕಾಯಿಲೆಯ ವೈರಸ್ಸನ್ನು ಬೆಳೆಸುವ ಕೆಲಸ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲೇ ಆಗಬೇಕು. ನಿಪಾ ವೈರಸ್ ಶಂಕೆಯ ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೇ ಹೋಗಬೇಕು. ನಿಪಾ ಕಾಣಿಸಿಕೊಂಡ ಕೇರಳದ ವಯನಾಡು, ಕಣ್ಣೂರು ಜಿಲ್ಲೆಗಳು ನಮ್ಮ ಗಡಿಗೆ ಅಂಟಿಕೊಂಡಿವೆ, ಆದ್ದರಿಂದ ಅಂಥ ಕೊಳವೆ ಹಂಚಿಕೆಯ ಫ್ರೀಜರಿಗೆ ತಪ್ಪಿಯೂ ಬಾರದಂತೆ ಬಾಗಿಲಲ್ಲೇ ತಡೆಯುವ ನಿಯಮ ಮೊದಲ ದಿನದಿಂದಲೇ ಇರಬೇಕು.

ಹಾವು ಕಡಿತದ ಮಾತು. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು, ಅದು ಒಳ್ಳೆಯ ಹೆಜ್ಜೆ. ಈಗ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲೇ ಸುರುಳಿ ಸುತ್ತಿ ಮಲಗುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಡಿದರೆ ಅದು ಪರಿಣಾಮಕಾರಿಯಲ್ಲ, ಮೂತ್ರಪಿಂಡ ಕೆಡುವ ಅಪಾಯವೂ ಇದೆ. ಕಡಿಸಿಕೊಂಡವರಿಂದ ಔಷಧಿ ಕೊಡುವ ಮೊದಲು ತೆಗೆದ ಒಂದು ಕೊಳವೆ ಸೀರಮ್ ಉಳಿಸಿದ್ದರೆ ಕಡಿದದ್ದು ಯಾವ ಹಾವು ಎಂದು ಆಮೇಲಾದರೂ ವಿಷ ಪರೀಕ್ಷಿಸಿ ಹೇಳಬಹುದು. ಪ್ರತಿವಿಷ ಸುಧಾರಿಸುವ ಸಂಶೋಧಕರಿಗೆ ಇದಕ್ಕಿಂತ ಅಮೂಲ್ಯವಾದದ್ದು ಕೊಡಗು ಕೊಡಲಾರದು.

ಡೇಟಾ ಕೋಶದ ಕೆಲಸ ಕಡಿಮೆ ಖರ್ಚಿನದ್ದು, ಆದರೆ ತಾಳ್ಮೆಯದ್ದು. ವಿರಾಜಪೇಟೆಯನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆಯುತ್ತಾರೆ, ಕಂಪ್ಯೂಟರಿಗೆ ಅವು ಮೂರು ಊರು. 03/07 ಅನ್ನುವುದು ಒಂದು ಕಡೆ ಜುಲೈ 3, ಇನ್ನೊಂದು ಕಡೆ ಮಾರ್ಚ್ 7. ಊರಿನ ಹೆಸರಿನ ಬದಲು ಸರ್ಕಾರವೇ ಕೊಟ್ಟಿರುವ ಗ್ರಾಮ ಸಂಕೇತ ಸಂಖ್ಯೆ, ವರ್ಷ-ತಿಂಗಳು-ದಿನ ಕ್ರಮದ ದಿನಾಂಕ, ಎಲ್ಲ ಆಸ್ಪತ್ರೆಗೂ ಒಂದೇ ಜ್ವರದ ನಮೂನೆ, ಇಷ್ಟು ಆದೇಶ ಹೊರಟರೆ ಅರ್ಧ ಕೆಲಸ ಮುಗಿದಂತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ತೋಟಗಳಲ್ಲಿ ತಲೆಮಾರುಗಳಿಂದ ಇಂಚು-ಸೆಂಟಿನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಪುಸ್ತಕಗಳಿವೆ, ಒಂದು ಇಂಚಿಗೆ 25.4 ಮಿ.ಮೀ. ಎಂದು ಬದಲಿಸಿದರೆ ಸಾಕು. ಯಾವ ಪಂಚಾಯಿತಿಯಲ್ಲಿ ಎಷ್ಟು ಮಳೆ ಸುರಿದು ಎಷ್ಟು ವಾರಕ್ಕೆ ಇಲಿಜ್ವರ ಏರುತ್ತದೆ ಎಂಬುದನ್ನು ಆಗ ಕೊಡಗಿನ ಲೆಕ್ಕದಲ್ಲೇ ನೋಡಬಹುದು.

ಈ ಡೇಟಾ ಎಲ್ಲರಿಗೂ ತೆರೆದಿರಲಿ ಎನ್ನುವಾಗ ಒಂದು ಮಾತನ್ನು ಒತ್ತಿ ಹೇಳಬೇಕು. ಮೂವತ್ತು ಮನೆಯ ಬುಡಕಟ್ಟು ಹಾಡಿಯಲ್ಲಿ ಹೆಸರು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. "ಹೆಣ್ಣು, 23 ವರ್ಷ, ಸಿಕಲ್ ಸೆಲ್, ಇಂಥ ಹಾಡಿ" ಎಂದರೆ ಪಕ್ಕದ ಮನೆಯವರಿಗೆ ಯಾರೆಂದು ಗೊತ್ತು, ಸಿಕಲ್ ಸೆಲ್ ವಂಶಪಾರಂಪರ್ಯ ರಕ್ತದ ಕಾಯಿಲೆಯಾದ್ದರಿಂದ ಅವಳ ಮದುವೆಯ ಮಾತು ನಿಂತರೆ ಹೊಣೆ ಯಾರು? ಹೊರಗೆ ಕೊಡುವಾಗ ತಾಲ್ಲೂಕು ಮಟ್ಟ ಮಾತ್ರ, ವಯಸ್ಸು ಐದು ವರ್ಷದ ಗುಂಪಿನಲ್ಲಿ, ಹತ್ತಕ್ಕಿಂತ ಕಡಿಮೆ ಇರುವ ಅಂಕಿಯನ್ನು ಮರೆಮಾಡಿ ಕೊಡಬೇಕು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬುಡಕಟ್ಟು ಜನರ ರಕ್ತ ಪರೀಕ್ಷಿಸುತ್ತಿದೆ. ಯರವರು, ಜೇನುಕುರುಬರು ರಕ್ತ ಕೊಟ್ಟರೆ ಫಲಿತಾಂಶ ಅವರ ಕೈಗೆ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಮರಳಬೇಕು. ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಡುವುದಕ್ಕೆ ಬೇರೆಯೇ ಒಪ್ಪಿಗೆ ಕೇಳಬೇಕು, ಬೇಡ ಎಂದವರ ಕೊಳವೆ ನಾಶವಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ ಜೈವಿಕ ಸಂಗ್ರಹದ ನಿಯಮಗಳೆಲ್ಲ ಇವೆ. ಒಪ್ಪಿಗೆ ಪತ್ರವನ್ನು ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಯರವ ನುಡಿ, ಮಲಯಾಳಂ, ಅಸ್ಸಾಮಿಗಳಲ್ಲಿ ಓದಿ ಹೇಳುವವರನ್ನು ನೇಮಿಸುವುದಷ್ಟೇ ಬಾಕಿ.

ಈಗಾಗಲೇ ಇರುವ ರಾಷ್ಟ್ರೀಯ ಸೌಲಭ್ಯಗಳನ್ನೂ ಬಳಸಿಕೊಳ್ಳಬೇಕು. ಭಾರತೀಯರ ವಂಶವಾಹಿಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ 10 ಸಾವಿರ ಜನರ ಡೇಟಾ ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದ್ದು, 2025ರ ಜನವರಿಯಿಂದ ಅರ್ಜಿ ಹಾಕಿದ ಸಂಶೋಧಕರಿಗೆ ತೆರೆದಿದೆ. ಅದೇ ತಿಂಗಳು ಆರಂಭವಾದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸುಮಾರು 13 ಸಾವಿರ ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಜಿಲ್ಲೆಯ ಪ್ರತಿ ಅರ್ಹ ಕಾಲೇಜೂ ನೋಂದಾಯಿಸಿಕೊಂಡಿದೆಯೇ ಎಂದು ತಮ್ಮ ಕಚೇರಿ ಒಮ್ಮೆ ವಿಚಾರಿಸಿದರೂ ಉಪಕಾರವಾಗುತ್ತದೆ.

ಕೊಠಡಿ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆವರಣದಲ್ಲಿರಲಿ. ಆದರೆ ಬೀಗದ ಕೈ ಒಬ್ಬ ಮುಖ್ಯಸ್ಥರ ಜೇಬಿನಲ್ಲಿ ಇರಬಾರದು. ಪೊನ್ನಂಪೇಟೆಯ ಅರಣ್ಯ ಕಾಲೇಜು, ಜಿಲ್ಲಾ ಆರೋಗ್ಯಾಧಿಕಾರಿ, ಪಶುಪಾಲನಾ ಇಲಾಖೆ, ಹಾಡಿಗಳ ಪ್ರತಿನಿಧಿ ಎಲ್ಲರೂ ಇರುವ ಸಮಿತಿ ಬೇಕು. ಯಾವ ಬಗೆಯ ಎಷ್ಟು ಕೊಳವೆ, ಯಾವ ತಿಂಗಳಿನದು ಎಂಬ ಪಟ್ಟಿ ಹೆಸರುಗಳಿಲ್ಲದೆ ಎಲ್ಲರಿಗೂ ಕಾಣುವಂತಿರಬೇಕು. ಬಂದ ಅರ್ಜಿಗೆ 30 ದಿನದಲ್ಲಿ ಹೌದು ಅಥವಾ ಅಲ್ಲ ಎಂಬ ಲಿಖಿತ ಉತ್ತರ, ಅಲ್ಲ ಎಂದರೆ ಕಾರಣ ಸಹಿತ, ಹೋಗಬೇಕು.

ಫ್ರೀಜರ್ ಬಂದ ಮೇಲೆ ಖಾಲಿಯಾಗಿಯೇ ಕನಿಷ್ಠ ಎರಡು ವಾರ ಓಡಿಸಿ, ಬೇಕೆಂದೇ ಕರೆಂಟ್ ತೆಗೆದು, ಜನರೇಟರ್ ತಾನಾಗಿ ಎದ್ದಿತೇ, ಸೈರನ್ ಕೂಗಿತೇ ಎಂದು ನೋಡಬೇಕು. ಮುಂದಿನ ಜೂನ್ ಮಳೆಗೆ ಮೊದಲು ಈ ಪರೀಕ್ಷೆ ಮುಗಿಯಬೇಕಾದರೆ ಎರಡು ಹುದ್ದೆ ಮತ್ತು ವಿದ್ಯುತ್ ಕೆಲಸದ ಮಂಜೂರಾತಿ ಡಿಸೆಂಬರಿನೊಳಗೆ ಆಗಬೇಕು. ಕೊಠಡಿಯ ಅಳತೆ, ವಿದ್ಯುತ್ ನಕ್ಷೆ, ಒಪ್ಪಿಗೆ ಪತ್ರದ ಕರಡು, ಜ್ವರದ ನಮೂನೆ ಇವನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಮುಂದಿನ ಜಿಲ್ಲಾ ಪ್ರಗತಿ ಪರಿಶೀಲನಾ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಕೊಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನ ಪ್ರಯೋಗಾಲಯ ತಂತ್ರಜ್ಞರು, ಬೋಧಕರು ಮತ್ತು ಸಂಶೋಧಕರು
ಮಡಿಕೇರಿ