ಇಳಿಸಿದವರಿಗೆ ನಮಸ್ಕಾರ

ಕಳೆದ ಜನವರಿಯ ಒಂದು ಶನಿವಾರ, ಅಮೆರಿಕದ ಅಲಬಾಮಾದಲ್ಲಿ ಕೊಯ್ಲು ಮುಗಿದ ಹತ್ತಿ ಹೊಲವೊಂದರಿಂದ ನನ್ನ ರಾಕೆಟ್ 378 ಮೀಟರ್ ಮೇಲೇರಿ ಕೆಳಗಿಳಿಯಿತು. ಹೈ ಪವರ್ ರಾಕೆಟ್ರಿಯ, ಅಂದರೆ ದೊಡ್ಡ ಮೋಟಾರಿನ ಹವ್ಯಾಸಿ ರಾಕೆಟ್ ಹಾರಿಸುವುದರ, ಮೊದಲ ಹಂತದ ಪ್ರಮಾಣಪತ್ರ ಸಿಕ್ಕಿತು. ಸುದ್ದಿ ಹಾಸನ ಮುಟ್ಟುವಷ್ಟರಲ್ಲಿ ಮೈತುಂಬಿಕೊಂಡು, ನಾನು ಇಸ್ರೋ ಸೇರಿದೆ ಎಂದಾಗಿತ್ತಂತೆ. ಅಮ್ಮನಿಗೆ ಫೋನ್ ಮಾಡಿ ಸಂತೋಷಪಟ್ಟ ಎಲ್ಲರಿಗೂ ವಂದನೆಗಳು. ಆದರೆ ಸೇರಿಲ್ಲ. ಇದು ರಜೆಯ ದಿನಗಳ ಹವ್ಯಾಸ, ರಾಕೆಟ್ಟಿನ ಮೈ ರಟ್ಟಿನ ಕೊಳವೆ, ಎತ್ತರ ನನ್ನಷ್ಟೇ.

ಹವ್ಯಾಸವಾದರೂ ಕಟ್ಟುನಿಟ್ಟಿಗೆ ಕೊರತೆಯಿಲ್ಲ. ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಒಂದು ಅಕ್ಷರ ಮುಂದೆ ಹೋದರೆ ಶಕ್ತಿಯ ಮಿತಿ ಇಮ್ಮಡಿ. ಎಚ್ ಮತ್ತು ಐ, ಅಂದರೆ 160ರಿಂದ 640 ನ್ಯೂಟನ್-ಸೆಕೆಂಡ್ (ಮೋಟಾರಿನ ಒಟ್ಟು ನೂಕುವಿಕೆಯ ಅಳತೆ) ವರೆಗಿನವನ್ನು ಹಾರಿಸಲು ಮೊದಲ ಹಂತದ ಪ್ರಮಾಣಪತ್ರ ಬೇಕು. 1957ರಲ್ಲಿ ಶುರುವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಇದನ್ನು ಕೊಡುತ್ತದೆ, ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ ಕೂಡ ಕೊಡುತ್ತದೆ. ರಾಕೆಟ್ಟನ್ನು ನಾವೇ ಕಟ್ಟಿರಬೇಕು, ಅದು ಓಲಾಡದೆ ಏರಬೇಕು, ಪ್ಯಾರಾಚೂಟ್ ಬಿಚ್ಚಬೇಕು, ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ನೆಲ ಸೇರಬೇಕು. ಎಷ್ಟು ಎತ್ತರ ಹೋಯಿತು ಎಂಬುದಕ್ಕೆ ಅಂಕವಿಲ್ಲ. ಏರಿಸುವುದು ಅಂಗಡಿಯಲ್ಲಿ ಕೊಂಡ ಮೋಟಾರಿನ ಕೆಲಸ. ನನ್ನದನ್ನು ಇಳಿಸಿಕೊಟ್ಟವರು ಮಾತ್ರ ಬಹುಪಾಲು ಹಾಸನ ಜಿಲ್ಲೆಯವರು.

ಮೊದಲು ಅಜ್ಜಿ. ಹಿಂದಿನ ಮೇ ತಿಂಗಳಲ್ಲಿ ನಾನು ಒಮ್ಮೆ ಸೋತಿದ್ದೆ. ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಿದ್ದ ದಿನ. ರಾಕೆಟ್ ಚೆನ್ನಾಗಿಯೇ ಏರಿತು, ತುದಿಯಲ್ಲಿ ಒಂದು ಕ್ಷಣ ತಡೆದು ಬಾಗಿತು, ಹಾಗೇ ಮೂತಿ ಕೆಳಗಾಗಿ ಬಂದು ಹೊಲದಲ್ಲಿ ಮೊಣಕೈ ಆಳಕ್ಕೆ ನಾಟಿಕೊಂಡಿತು. ತುದಿ ಮುಟ್ಟಿದಾಗ ಒಳಗಿನ ಚಿಟಿಕೆ ಮದ್ದು ಸಿಡಿದು ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದೂಡಬೇಕು. ಅದು ಹೊರಬರಲೇ ಇಲ್ಲ. ಜೊತೆಗಿದ್ದವರು ಮದ್ದು ಸಾಲದಾಯಿತು ಎಂದರು, ಸಿಡಿಯುವುದು ತಡವಾಯಿತು ಎಂದರು. ಆ ವಾರ ಸಕಲೇಶಪುರಕ್ಕೆ ಫೋನ್ ಮಾಡಿದಾಗ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ‘ಮಳೆಗಾಲದಲ್ಲಿ ನಮ್ಮ ನಡುಮನೆ ಬಾಗಿಲು ಕಚ್ಚಿಕೊಳ್ಳುವುದಿಲ್ಲವೇ, ಹಾಗೆ ಆಗಿರಬಹುದಲ್ಲ?’

ಒಡೆದ ಕೊಳವೆಯನ್ನು ಸೀಳಿ ನೋಡಿದೆ. ಒಳಗೆಲ್ಲ ಮಸಿ. ಮದ್ದು ಸಿಡಿದಿತ್ತು, ಹೊತ್ತಿಗೆ ಸರಿಯಾಗಿಯೇ ಸಿಡಿದಿರಬೇಕು. ತೇವ ಕುಡಿದ ರಟ್ಟು ಊದಿ, ಮೂತಿಯ ಬುಡವನ್ನು ಕಚ್ಚಿ ಹಿಡಿದಿತ್ತು. ಪ್ರತಿ ಜೂನಿನಲ್ಲಿ ಆಚಾರಿಯನ್ನು ಕರೆಸಿ ಬಾಗಿಲಿಗೆ ಉಜ್ಜುಗೊರಡು ಹಾಕಿಸುವ ಅಜ್ಜಿಗೆ ಇದು ಹೊಸ ಸಂಗತಿಯಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಹೊಳೆಯಲಿಲ್ಲ. ಈ ಸಲ ಮೂತಿಯ ಬುಡವನ್ನು ಮರಳುಕಾಗದದಲ್ಲಿ ತಿಕ್ಕಿ, ಕೊಳವೆಯ ಬಾಯಿಗೆ ತೆಳುವಾಗಿ ಅಂಟು ಕುಡಿಸಿ ಒಣಗಿಸಿದೆ.

ಸೋತು ಮುಖ ಸಣ್ಣದು ಮಾಡಿಕೊಂಡಿದ್ದಾಗ ಮಾತಾಡಿಸಿದವರು ಎದುರುಮನೆಯ ದೊಡ್ಡಪ್ಪ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ದುಡಿದು ನಿವೃತ್ತರಾದವರು. ಆ ಕೇಂದ್ರ ಉಪಗ್ರಹಗಳನ್ನು ಹಾರಿಸುವುದಿಲ್ಲ, ಹಾರಿದ ಮೇಲೆ ಹಗಲೂ ರಾತ್ರಿ ನೋಡಿಕೊಳ್ಳುತ್ತದೆ ಎಂದು ಬಂದವರಿಗೆಲ್ಲ ಬಿಡಿಸಿ ಹೇಳುವುದೇ ಅವರಿಗೆ ಅರ್ಧ ಆಯುಷ್ಯದ ಕೆಲಸವಾಗಿತ್ತು. ‘1982ರ ಏಪ್ರಿಲ್‌ನಲ್ಲಿ ಇನ್ಸಾಟ್-1ಎ ಮೇಲೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಕೇಂದ್ರವೂ ಅದೇ ವರ್ಷದ್ದು. ನಿನ್ನದು ರಟ್ಟು ತಾನೇ, ಮಗಳೇ?’ ಎಂದರು. ಸಮಾಧಾನದ ಮಾತು ಎನ್ನುವುದಕ್ಕಿಂತ ಸಣ್ಣ ಗದರಿಕೆ ಎನ್ನಬೇಕು. ನನಗೆ ಬೇಕಾಗಿದ್ದದ್ದೂ ಅದೇ.

ಇನ್ನು ಟೈಲರಣ್ಣ. ಹಳೆಯ ಪ್ಯಾರಾಚೂಟ್ ಮಣ್ಣಿನಲ್ಲಿ ಚಿಂದಿಯಾಗಿತ್ತು. ದೀಪಾವಳಿಗೆ ಊರಿಗೆ ಬಂದಾಗ ನೈಲಾನ್ ಬಟ್ಟೆ ಜೊತೆಗೇ ತಂದು, ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರದ ಅವರ ಅಂಗಡಿಗೆ ಹೋದೆ. ಹಾಸನಾಂಬೆಯ ಬಾಗಿಲು ತೆರೆದಿದ್ದ ವಾರ. ಊರು ತುಂಬ ಜನ, ಅಂಗಡಿ ತುಂಬ ಹೊಲಿಯದ ಬ್ಲೌಸುಗಳು. ಆ ವಾರ ದರ್ಜಿಯ ಮುಂದೆ ಹೊಸ ಬಟ್ಟೆ ಚಾಚುವುದಕ್ಕೆ ಎದೆಗಾರಿಕೆ ಬೇಕು. ಕಾಗದದಲ್ಲಿ ಬರೆದು ತೋರಿಸಿದೆ: ಎಂಟು ಪಟ್ಟಿ, ಬಿಚ್ಚಿದರೆ ಒಂದು ಮೀಟರ್ ಅಗಲ, ನಡುವೆ ಒಂದು ತೂತು. ಅವರು ಕನ್ನಡಕ ಏರಿಸಿಕೊಂಡು, ‘ಕೊಡೆ ಲಂಗ. ಸರಿ. ಆದರೆ ಸೊಂಟ ಇಷ್ಟು ಸಣ್ಣದೇನಮ್ಮಾ?’ ಎಂದರು.

ಸೊಂಟವಲ್ಲ, ಒಳಗೆ ತುಂಬಿಕೊಂಡ ಗಾಳಿ ಮೇಲಿಂದ ಸ್ವಲ್ಪ ಸೋರದಿದ್ದರೆ ಪ್ಯಾರಾಚೂಟ್ ತೊಟ್ಟಿಲಿನ ಹಾಗೆ ತೂಗುತ್ತದೆ ಎಂದೆ. ಒಂದು ಗಳಿಗೆ ಯೋಚಿಸಿ, ‘ಹಾಗಾದರೆ ಎಳೆತವೆಲ್ಲ ಹೊಲಿಗೆಯ ಮೇಲೆ’ ಎಂದು ತಾವೇ ನಿರ್ಧರಿಸಿ, ಪ್ರತಿ ಪಟ್ಟಿಯನ್ನೂ ಅಂಚು ಮಡಚಿ ಎರಡು ಸಾಲು ಹೊಲಿದರು. ದಾರ ಕಟ್ಟುವ ಎಂಟೂ ಮೂಲೆಗೆ ಪಟ್ಟಿ ಕೊಟ್ಟು ಗಟ್ಟಿ ಮಾಡಿದರು. ನಾನು ಅದನ್ನು ಹೇಳಿರಲೇ ಇಲ್ಲ. ತೆಗೆದುಕೊಂಡದ್ದು ಒಂದು ಬ್ಲೌಸಿನ ಕೂಲಿ. ಯಾರದೋ ಹಬ್ಬದ ಬ್ಲೌಸ್ ಅಂದು ತಡವಾಗಿರಲೇಬೇಕು, ಅವರ ಕ್ಷಮೆಯನ್ನೂ ಇಲ್ಲೇ ಕೇಳುತ್ತೇನೆ.

ಹಾಸನದವರಲ್ಲದಿದ್ದರೂ ಬಿಡಲಾಗದವರು ಅಲಬಾಮಾದಲ್ಲಿ ನನ್ನ ರಾಕೆಟ್ ಪರೀಕ್ಷಿಸಿದ ಹಿರಿಯರು, ಎಪ್ಪತ್ತು ದಾಟಿದವರು. ಉಡಾವಣೆಗೆ ಮುಂಚೆ ಅವರು ರಾಕೆಟ್ಟನ್ನು ಮೂತಿಯಲ್ಲಿ ಹಿಡಿದು ಎತ್ತಿದರು, ಬೀಳಲಿಲ್ಲ. ಮೆಲ್ಲಗೆ ಕುಲುಕಿದರು; ಮೂತಿ ಜಾರಿ ಬಂತು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ತಲೆಯಾಡಿಸಿ ಚೀಟಿಗೆ ಸಹಿ ಹಾಕಿದರು. ಅಜ್ಜಿಯ ಬಾಗಿಲಿನ ಕಥೆ ಹೇಳಿದಾಗ ಮಾತ್ರ ಅವರು ಜೋರಾಗಿ ನಕ್ಕದ್ದನ್ನು ಕಂಡೆ.

ಎಲ್ಲರೂ ನೂರು ಅಡಿ ದೂರ ನಿಂತೆವು. ಐದರಿಂದ ಕೆಳಗೆ ಎಣಿಕೆ. ಉರಿ ಎರಡು ಸೆಕೆಂಡೂ ಇರಲಿಲ್ಲ. ಆಮೇಲೆ ಏಳು ಸೆಕೆಂಡು ಮೌನ. ಅಷ್ಟು ಉದ್ದದ ಏಳು ಸೆಕೆಂಡುಗಳನ್ನು ನಾನು ಬೇರೆಲ್ಲೂ ಕಳೆದಿಲ್ಲ. ಪಟ್ ಎಂದು ಸದ್ದಾಗಿ, ಕಿತ್ತಳೆ ಬಣ್ಣದ ಕೊಡೆ ಲಂಗ ಆಕಾಶದಲ್ಲಿ ಅರಳಿತು. ಇಳಿಯಲು ಒಂದು ನಿಮಿಷ ಹಿಡಿಯಿತು. ಹಾಸನದಲ್ಲಿ ರಾತ್ರಿ ಹತ್ತೂವರೆ ದಾಟಿತ್ತು, ಆದರೂ ಅಪ್ಪ ಮೊದಲ ರಿಂಗಿಗೇ ಎತ್ತಿದರು. ಹಾರಿತೇ ಎಂದು ಕೇಳಲಿಲ್ಲ. ‘ಇಳಿಯಿತೇ?’ ಎಂದರು.

ನಾವೂ ರಾಕೆಟ್ ಹಾರಿಸುವುದು ಹೇಗೆ ಎಂದು ಪತ್ರ ಬರೆದು ಕೇಳಿದ ನಮ್ಮೂರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಮನೆಯಲ್ಲಿ ಮದ್ದು ಬೆರೆಸಲು ಹೋಗಬೇಡಿ. ಪರವಾನಗಿ ಇಲ್ಲದೆ ಅದು ಕಾನೂನಿಗೆ ವಿರುದ್ಧ, ಬೆರಳುಗಳೂ ಹತ್ತೇ ಇರುವುದು. ಓಪನ್‌ರಾಕೆಟ್ ಎಂಬ ತಂತ್ರಾಂಶ ಉಚಿತ, ರೆಕ್ಕೆ ಎಷ್ಟಿರಬೇಕು, ತೂಕ ಎಲ್ಲಿರಬೇಕು ಎಂಬುದನ್ನೆಲ್ಲ ಅದರಲ್ಲೇ ಆಡಿ ಕಲಿಯಬಹುದು. ನಾನೂ ಹಾಗೇ ಶುರು ಮಾಡಿದ್ದು.

ಈಗ ಎರಡನೇ ಹಂತಕ್ಕೆ ಓದುತ್ತಿದ್ದೇನೆ. ಅದಕ್ಕೆ ಲಿಖಿತ ಪರೀಕ್ಷೆಯೂ ಉಂಟು. ಟೈಲರಣ್ಣ, ಈ ಸಲ ಎರಡು ಬೇಕು. ತುದಿಯಲ್ಲಿ ಬಿಚ್ಚಲು ಒಂದು ಚಿಕ್ಕದು, ನೆಲದ ಹತ್ತಿರ ಬಿಚ್ಚಲು ಒಂದು ದೊಡ್ಡದು. ಬಟ್ಟೆಯನ್ನು ದೀಪಾವಳಿಗೆ ಮುಂಚೆಯೇ ಕಳುಹಿಸುತ್ತೇನೆ.