ಶಾಸಕರೇ, ಮೈದಾನ ಮಕ್ಕಳಿಗೆ ಬಿಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯವಳು, ನಿಮ್ಮ ಕ್ಷೇತ್ರದ ಮತದಾರಳು. ಮನೆಯಲ್ಲಿ ಬ್ಲೌಸ್ ಹೊಲಿದು ಸಂಸಾರ ನಡೆಸುತ್ತೇನೆ. ಮಗಳು ಒಂಬತ್ತನೇ ಕ್ಲಾಸು, ಖೋಖೋ ಆಡುತ್ತಾಳೆ. ನಮ್ಮ ತಾಲ್ಲೂಕು ಮೈದಾನವನ್ನು ಬಾಡಿಗೆಗೆ ಕೊಡುವುದು ನಿಲ್ಲಿಸಿ, ಅದನ್ನು ಮಕ್ಕಳಿಗೆ ಬಿಡಿ. ನನ್ನ ಬೇಡಿಕೆ ಇದೊಂದೇ. ಅರ್ಜಿ ಕೊಟ್ಟಾಗಿದೆ, ನಿಮ್ಮ ಕಚೇರಿ ಬಾಗಿಲಲ್ಲಿ ಕಾದದ್ದೂ ಆಗಿದೆ. "ನೋಡೋಣ ಬಿಡಮ್ಮಾ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಖೋಖೋ ನಮ್ಮಂಥವರ ಮಕ್ಕಳ ಆಟ. ಬ್ಯಾಟು ಬೇಡ, ಬಾಲು ಬೇಡ. ಎರಡು ಕಂಬ, ಸುಣ್ಣದ ಗೆರೆ, ಕಲ್ಲು ಆರಿಸಿ ನೀರು ಹೊಡೆದ ಮಣ್ಣು ಇದ್ದರಾಯಿತು. ದೊಡ್ಡವರ ಅಂಕಣವೂ 27 ಮೀಟರ್ ಉದ್ದ, 16 ಮೀಟರ್ ಅಗಲ ಅಷ್ಟೇ. ಅಷ್ಟು ಜಾಗವೂ ನಮ್ಮ ಮಕ್ಕಳಿಗೆ ಸಿಗುತ್ತಿಲ್ಲ. ಇವತ್ತು ವಸ್ತುಪ್ರದರ್ಶನ, ನಾಳೆ ಯಾರದೋ ಮದುವೆ, ಆಮೇಲೆ ಸಮಾವೇಶ. ಮುಗಿದ ಮೇಲೆ ಗುಡಿಸುವವರಿಲ್ಲ. ಪಿಟಿ ಮಾಸ್ತರರೇ ಹುಡುಗರನ್ನು ಕಟ್ಟಿಕೊಂಡು ಎಂಜಲು ತಟ್ಟೆ ಎತ್ತಿ, ಗೆರೆ ಹಾಕುತ್ತಾರೆ.

ಹೋದ ವರ್ಷ ಜಿಲ್ಲಾ ಮಟ್ಟದ ಪಂದ್ಯ ಹತ್ತಿರ ಬಂದಿತ್ತು. ಮೈದಾನದಲ್ಲಿ ಹಾಕಿದ್ದ ಪೆಂಡಾಲ್ ಹಿಂದಿನ ರಾತ್ರಿಯಷ್ಟೇ ಬಿಚ್ಚಿದ್ದರು. ಮಕ್ಕಳು ಬೆಳಿಗ್ಗೆ ಪ್ರಾಕ್ಟೀಸಿಗೆ ಇಳಿದರು. ಓಡುತ್ತಿದ್ದ ನನ್ನ ಮಗಳ ಹಿಮ್ಮಡಿಗೆ ಪೆಂಡಾಲಿನ ಮೊಳೆ ಹೊಕ್ಕಿತು. ತುಕ್ಕು ಹಿಡಿದ, ಬೆರಳುದ್ದದ ಮೊಳೆ. ಮಾಸ್ತರರು ತಮ್ಮ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಇಂಜೆಕ್ಷನ್ ಆಯಿತು, ಹೊಲಿಗೆ ಬಿತ್ತು. ಅವಳಿಲ್ಲದೆ ತಂಡ ಪಂದ್ಯಕ್ಕೆ ಹೋಯಿತು. ಮೈದಾನ ನೋಡಿಕೊಳ್ಳುವವರ ಹತ್ತಿರ ಹೋಗಿ ಕೇಳಿದೆ. "ಬೂಟು ಹಾಕಿ ಕಳಿಸಬೇಕಿತ್ತು" ಅಂದರು! ಮಣ್ಣಿನಲ್ಲಿ ನಮ್ಮ ಮಕ್ಕಳು ಬರಿಗಾಲಲ್ಲೇ ಖೋಖೋ ಆಡುತ್ತಾರೆ ಸಾಹೇಬರೇ. ಮೈದಾನ ನೋಡಿಕೊಳ್ಳುವವರಿಗೇ ಅದು ಗೊತ್ತಿಲ್ಲ ಅಂದರೆ ಏನು ಹೇಳಲಿ? ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ವಿಜಯಪುರಕ್ಕೆ ಕಳಿಸಿ ಅಂತ ಕೆಲವರು ಹೇಳುತ್ತಾರೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಯಿತು, ಅದಕ್ಕೆ ಸರ್ಕಾರಕ್ಕೆ ಋಣಿ. ಆದರೆ ಶಾಲೆ ಬಿಟ್ಟು ಅಲ್ಲಿಗೆ ಹೋಗಿ, ಆಡಿ, ವಾಪಸ್ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಯಾವ ತಾಯಿ ದಿನಾ ಒಬ್ಬಳನ್ನೇ ಕಳಿಸುತ್ತಾಳೆ? ಜೊತೆಗೆ ಹೋದರೆ ನನ್ನ ಮಷೀನು ನಿಲ್ಲುತ್ತದೆ. ಖಾಸಗಿ ತರಬೇತಿಗೆ ತಿಂಗಳ ಫೀಸು ಬೇರೆ. ಗಂಡುಹುಡುಗರಿಗಂತೂ ಬಸ್ಸಿಗೂ ದುಡ್ಡು ಬೇಕು. ಪಕ್ಕದ ಮನೆಯ ಹುಡುಗ ಒಳ್ಳೆಯ ಓಟಗಾರ, ಇದೇ ಕಾರಣಕ್ಕೆ ಬಿಟ್ಟುಬಿಟ್ಟ. ಈಗ ಗ್ಯಾರೇಜಿನಲ್ಲಿದ್ದಾನೆ. ಮೈದಾನ ಊರಲ್ಲೇ ಇದೆ ಅಲ್ವಾ? ಅದನ್ನು ಬಿಟ್ಟುಕೊಡಿ ಸಾಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಳು. ಅವಳೂ ಹಳ್ಳಿಯ ಹುಡುಗಿ. ಆ ಆಟ ನಡೆದದ್ದು ಮ್ಯಾಟ್ ಮೇಲೆ. ನಮ್ಮ ಮಕ್ಕಳು ಮ್ಯಾಟನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದಾರೆ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತಳು. ನೀವೂ ಭಾಷಣದಲ್ಲಿ ಅವಳ ಹೆಸರು ಹೇಳುತ್ತೀರಿ, ಹೇಳಲೇಬೇಕು. ಆದರೆ ಮುಂದಿನ ಹುಡುಗಿ ಎಲ್ಲಿ ಆಡಬೇಕು ಅನ್ನುವುದನ್ನೂ ಅದೇ ಭಾಷಣದಲ್ಲಿ ಹೇಳಿ.

ಆಟದ ಮೈದಾನ ಉಳಿಸಲಿಕ್ಕೆ ರಾಜ್ಯದಲ್ಲಿ 1985ರಿಂದ ಕಾಯ್ದೆಯೇ ಇದೆ. ಅದನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ನಿಮ್ಮ ಪ್ರದೇಶಾಭಿವೃದ್ಧಿ ನಿಧಿಗೆ ವರ್ಷಕ್ಕೆ 2 ಕೋಟಿ ನಿಗದಿಯಾಗಿದೆ. ಅದರಲ್ಲಿ ಸ್ವಲ್ಪ ತೆಗೆದರೆ ನೆಲ ಹದವಾಗುತ್ತದೆ, ಲೈಟು ಬರುತ್ತದೆ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವೂ ಆಗುತ್ತದೆ. ಕ್ರೀಡಾ ಇಲಾಖೆಗೆ ಹೇಳಿ ಒಬ್ಬ ಕೋಚ್ ಕೊಡಿಸಿ. ಒಂದು ಮ್ಯಾಟ್ ಕೊಡಿಸಿ. ಇವೆಲ್ಲ ತಡವಾದರೂ ಕಾಯುತ್ತೇವೆ. ಮೈದಾನಕ್ಕೆ ಮಾತ್ರ ಇನ್ನು ಕಾಯುವುದಿಲ್ಲ.

ಮುಂದಿನ ತಿಂಗಳು ಅಲ್ಲಿ ಮತ್ತೊಂದು ಪ್ರದರ್ಶನ ಇದೆಯಂತೆ. ಅದೇ ಹೊತ್ತಿಗೆ ಮಕ್ಕಳ ಪಂದ್ಯಗಳೂ ಶುರುವಾಗುತ್ತವೆ. ಆ ಪ್ರದರ್ಶನವನ್ನು ಬೇರೆ ಕಡೆ ನಡೆಸಲು ಹೇಳಿ. ಬೆಳಿಗ್ಗೆ ಸಂಜೆ ಮೈದಾನದ ಗೇಟು ತೆರೆದಿರಬೇಕು, ಒಂದು ರೂಪಾಯಿಯನ್ನೂ ಕೇಳಬಾರದು ಅಂತ ಲಿಖಿತ ಆದೇಶ ಮಾಡಿಸಿ, ಗೇಟಿಗೆ ಅಂಟಿಸಿ. ಬಾಯಿಮಾತಿನ ಭರವಸೆ ನನಗೆ ಬೇಡ.

ಇಂತಿ,
ಖೋಖೋ ಆಡುವ ಹುಡುಗಿಯ ತಾಯಿ