ನಿನ್ನ ಅಕ್ಕನ ಒಂದು ಸಹಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಾ ಇಲ್ಲ. "ಅಷ್ಟಮಿಗೆ ಊರಿಗೆ ಬರ್ತೇನೆ, ಜಾಗ ಮಾರುವ ಕೆಲಸ ಮುಗಿಸಿಬಿಡುವ. ಅಕ್ಕನದ್ದು ಒಂದು ಸಹಿ ಬಾಕಿ, ಅವಳು ಹಾಕ್ತಾಳೆ" ಅಂದೆ. ನಾನೂ ಹ್ಞೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ ಮಾರಾಯ. ಅಕ್ಕನ ಪಾಲನ್ನು ಬಿಡಿಸಿಕೊಳ್ಳುವ ಆ ಸಹಿಯ ಬಗ್ಗೆಯೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹೇಳದೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಬೇಡ. ಇಂಥ ಸಹಿ ನಮ್ಮ ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಆಗಿದೆ, ಆಗುತ್ತಾ ಇದೆ.

ನನ್ನ ಅಕ್ಕನನ್ನು ನೀನು ನೋಡಿದ್ದೀಯ. ನಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಹಾಗೆ ಕೂತವಳು, ಎದ್ದದ್ದು ಮದುವೆಯ ದಿನ. ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದೇ ಅಳತೆಗೆ ಕತ್ತರಿಸಬೇಕು. ಚಿಟಿಕೆ ಹೊಗೆಸೊಪ್ಪು ಹಾಕಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಸಾವಿರ ಬೀಡಿ ಆಗಬೇಕಾದರೆ ಇಡೀ ದಿನ ಬೇಕು. ಎಷ್ಟೋ ಸಲ ರಾತ್ರಿ ಊಟ ಆದ ಮೇಲೂ ಅವಳ ಕತ್ತರಿಯ ಸದ್ದು ಕೇಳುತ್ತಾ ನಾನು ಓದಿದ್ದೇನೆ.

ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಚೀಲ ಹಿಡಿದುಕೊಂಡು ಅವಳ ಜೊತೆ ನಾನೂ ಹೋಗುತ್ತಿದ್ದೆ. ಅಲ್ಲಿ ಕಟ್ಟು ಬಿಚ್ಚಿ ನೋಡುತ್ತಿದ್ದರು. ಸರಿ ಇಲ್ಲ ಅಂತ ಕಂಡದ್ದನ್ನು ಬದಿಗೆ ಹಾಕುತ್ತಿದ್ದರು. ಬದಿಗೆ ಬಿದ್ದದ್ದಕ್ಕೆ ಕೂಲಿ ಇಲ್ಲ. ಅಕ್ಕ ಆ ಕೈಯನ್ನೇ ನೋಡುತ್ತಾ ನಿಂತಿರುತ್ತಿದ್ದಳು. ನನ್ನ ಕಾಲೇಜು ಫೀಸು, ಬಸ್ಸಿನ ದುಡ್ಡು, ಮೊದಲ ಇಂಟರ್‌ವ್ಯೂಗೆ ಹಾಕಿದ ಪ್ಯಾಂಟು, ಎಲ್ಲ ಆ ಚೀಲದಿಂದ ಬಂದದ್ದು. ನೂಲು ಎಳೆದೆಳೆದು ಅವಳ ಬೆರಳಲ್ಲಿ ಬಿದ್ದ ಗೆರೆ ಇವತ್ತಿಗೂ ಉಂಟು.

2011ರಲ್ಲಿ ಅಪ್ಪ ತೀರಿಕೊಂಡರು. ವೀಲುನಾಮೆ ಬರೆದಿರಲಿಲ್ಲ. ನಾವು ಮೂರು ಜನ ಗಂಡುಮಕ್ಕಳು ಸೇರಿ ಪಾಲು ಮಾಡಿಕೊಂಡೆವು. ಅಕ್ಕ ಚಿಕ್ಕ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಬಸ್ಸಲ್ಲಿ ಬಂದಳು. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರ ಬರೆಯುವವರು ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿಯಾ?" ಅಂತ ಕೇಳಿದಳು. ಅಷ್ಟೇ. ಅದು ಹಕ್ಕು ಖುಲಾಸೆ ಪತ್ರ, ಇದಕ್ಕೆ ಸಹಿ ಹಾಕಿದರೆ ನಿನ್ನ ಪಾಲು ಹೋಯಿತು ಅಂತ ಯಾರೂ ಓದಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ಹೋಟೆಲಿನಲ್ಲಿ ಗೋಳಿಬಜೆ ತಿನ್ನಿಸಿ, ಮಗುವಿನ ಕೈಯಲ್ಲಿ ನೂರು ರೂಪಾಯಿ ಇಟ್ಟು, ಬಸ್ಸು ಹತ್ತಿಸಿದೆವು.

ಆರು ವರ್ಷ ಆದ ಮೇಲೆ ಭಾವನಿಗೆ ಕಾಯಿಲೆ ಆಯಿತು. ಅಕ್ಕ ಸಾಲಕ್ಕೆ ಓಡಾಡಿದಳು. ಹೋದಲ್ಲೆಲ್ಲ ಕೇಳಿದ್ದು ಒಂದೇ, ನಿಮ್ಮ ಹೆಸರಲ್ಲಿ ಆರ್‌ಟಿಸಿ (ಪಹಣಿ) ಉಂಟಾ? ಅವಳು ನಮ್ಮ ಮನೆಗೆ ಬಂದು, ಅಂಗಳದಲ್ಲೇ ನಿಂತು ನನ್ನ ಹತ್ತಿರ ಕೇಳಿದಳು, "ನನ್ನ ಹೆಸರಲ್ಲಿ ಎಂತಾದರೂ ಉಂಟಾ?" ಅಂತ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

"ನಮ್ಮದು ಅಳಿಯಸಂತಾನದ ಊರು, ಹೆಣ್ಣಿಗೆ ಇಲ್ಲಿ ಮೊದಲಿಂದ ಗೌರವ ಉಂಟು" ಅಂತ ನೀನು ಹೇಳಿದೆ. ಉಳ್ಳಾಲದ ಅಬ್ಬಕ್ಕನ ಹೆಸರನ್ನೂ ತೆಗೆದೆ. ಗೌರವ ಇತ್ತು, ಇಲ್ಲ ಅನ್ನುವುದಿಲ್ಲ. ಅಳಿಯಸಂತಾನದಲ್ಲಿ ವಂಶ, ಆಸ್ತಿ ಎರಡೂ ತಾಯಿಯ ಕಡೆಯಿಂದಲೇ ಇಳಿದು ಬರುವುದು. ಯಜಮಾನ್ತಿ ನಡೆಸಿದ ಮನೆಗಳೂ ಇದ್ದವು. ಆದರೆ ಎಷ್ಟು ಮನೆಗಳಲ್ಲಿ ಭತ್ತ ತುಂಬಿಡುವ ಪತ್ತಾಯದ ಬೀಗದ ಕೈ ಸೋದರಮಾವನ ಸೊಂಟದಲ್ಲಿತ್ತು ಅಂತ ನಿನ್ನ ಅಮ್ಮನನ್ನೇ ಕೇಳು. ಆಮೇಲೆ ಗೇಣಿಗೆ ಉಳುವವರಿಗೇ ಭೂಮಿ ಅಂದ 1974ರ ಭೂಮಸೂದೆ ಬಂತು. ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟದ್ದು ಅಜ್ಜಿ, ಅಮ್ಮ. ಭೂಮಿಯ ಡಿಕ್ಲರೇಶನ್ ಆದದ್ದು, ಅಂದರೆ ಹಕ್ಕು ಸಿಕ್ಕಿದ್ದು, ಅಪ್ಪನ ಹೆಸರಿಗೆ. ಆಗ ಅದು ಯಾರಿಗೂ ವಿಚಿತ್ರ ಅಂತ ಕಾಣಲೇ ಇಲ್ಲ.

ಮಂಗಳೂರಿನ ಒಂದು ಮನೆಯ ಕಥೆ ಹೇಳುತ್ತೇನೆ. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರಲ್ಲಿ, ಮಂಗಳೂರಲ್ಲಿ. ಅವರು ಏಳು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ತೀರಿಕೊಂಡರು. ವಿಲ್ ಇರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿ ಪೂರ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ, ಹೆಣ್ಣುಮಕ್ಕಳಿಗೆ ಸಿಗುವುದು ತಿಂಗಳ ಖರ್ಚಿಗೆ ಸ್ವಲ್ಪ ಹಣ. ಗಿರಿಜಾಬಾಯಿ ಆ ಹಣ ಬೇಡ ಅಂದರು. ತವರಿಂದ ತಂದದ್ದರಲ್ಲೇ ಮಗಳನ್ನು ಬೆಳೆಸಿದರು. ಆ ಮಗಳು 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತರು, ದೇಶದ ಕೈಮಗ್ಗ, ಕರಕುಶಲ ಕೆಲಸಗಳಿಗೆ ಜೀವ ಕೊಟ್ಟರು. ಅವರ ಬಗ್ಗೆ ಹೆಮ್ಮೆಯಿಂದ ಮಾತಾಡುವ ನಾವು ಆ ಏಳನೇ ವರ್ಷದ ಸಂಗತಿಯನ್ನು ಮಾತ್ರ ಯಾಕೆ ಹೇಳುವುದಿಲ್ಲ?

ಅವತ್ತು ಕಾನೂನೇ ಹಾಗಿತ್ತು. ಇವತ್ತು ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿಂದ, ಅಪ್ಪ ವೀಲುನಾಮೆ ಬರೆಯದೆ ಹೋದರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಅಂತ 2005ರ ತಿದ್ದುಪಡಿ ಹೇಳಿತು. ಕರ್ನಾಟಕದಲ್ಲಿ 1994ರಲ್ಲೇ ಅಂಥದ್ದೊಂದು ಬಂದಿತ್ತು, ಆದರೆ ಆಗಲೇ ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರದ್ದರಲ್ಲಿ ಆ ಅಡ್ಡಿ ಇಲ್ಲ. ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕು ಅಂತಲೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ನಿನ್ನ ಅಕ್ಕ ನಿನ್ನಿಂದ ಏನನ್ನೂ ಬೇಡುತ್ತಿಲ್ಲ. ಅವಳ ಪಾಲು ಈಗಲೇ ಅವಳದ್ದು. ಆ ಸಹಿ ಹಾಕಿಸಿದರೆ ಅದು ನಿನಗೆ ಬರುತ್ತದೆ.

"ಕೇಳಿದರೆ ಅವಳೇ ಬೇಡ ಅಂತಾಳೆ" ಅಂದೆಯಲ್ಲ. ಖಂಡಿತ ಅನ್ನುತ್ತಾಳೆ. ನನ್ನ ಅಕ್ಕನೂ ಅಂದಿದ್ದಳು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅವರಿಗೆ ಭಯ. ವರ್ಷಕ್ಕೊಮ್ಮೆ ತಂಬಿಲಕ್ಕೆ ಬಂದು ದೈವಕ್ಕೆ ಕೈ ಮುಗಿದು, ಅಣ್ಣತಮ್ಮಂದಿರ ಜೊತೆ ಕೂತು ಊಟ ಮಾಡುವ ದಾರಿ ಉಳಿಯಲಿ ಅಂತ ಜಾಗ ಬಿಟ್ಟುಕೊಡುತ್ತಾರೆ. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ.

ಊರು ಬದಲಾಗಿದೆ, ನೀನು ಬಂದರೆ ನೋಡುತ್ತೀಯ. ನಮ್ಮ ಬೀದಿಯ ಹುಡುಗಿಯರು ಸ್ಕೂಟರಿನಲ್ಲಿ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾರೆ. ಪಂಚಾಯತಿನಲ್ಲಿ ಅರ್ಧ ಸೀಟು ಹೆಂಗಸರದ್ದು. 2023ರಿಂದ ಸರ್ಕಾರದ ಸಾಮಾನ್ಯ ಬಸ್ಸಲ್ಲಿ ಅವರಿಗೆ ಟಿಕೆಟಿಗೆ ದುಡ್ಡಿಲ್ಲ. (ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ, ಹಾಗಾಗಿ ಅಕ್ಕನಂಥವರು ಈಗಲೂ ದುಡ್ಡು ಕೊಟ್ಟೇ ಟಿಕೆಟ್ ತೆಗೆಯುತ್ತಾರೆ. ಅದು ಬೇರೆ ಬೇಜಾರು.) ಇಷ್ಟೆಲ್ಲ ಬದಲಾದರೂ ಜಾಗದ ವಿಷಯ ಬಂದಾಗ ಜಗಲಿಯಲ್ಲಿ ಕೂರುವುದು ಗಂಡಸರೇ. ಹೆಂಗಸರು ಒಳಗೆ ಚಾ ಮಾಡುತ್ತಿರುತ್ತಾರೆ.

ನಿನ್ನ ಅಕ್ಕನನ್ನು ಹೋದ ವಾರ ನೋಡಿದೆ. ಗಂಡ ಹೋದ ಮೇಲೆ ನಿಮ್ಮ ಮನೆಯಲ್ಲೇ ಇದ್ದಾಳಲ್ಲ. ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ದು ತಂದು, ನಿನ್ನ ಅಮ್ಮನಿಗೆ ಗಂಜಿ ಕೊಟ್ಟು, ಮಾತ್ರೆ ಕೊಟ್ಟು, ಬಾಳೆನಾರು ಹಿಡಿದು ಕಟ್ಟಲು ಕೂರುತ್ತಾಳೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾತಾಡುತ್ತಿದ್ದರೂ ಅವಳ ಎಣಿಕೆ ತಪ್ಪುವುದಿಲ್ಲ. ಆ ಗಿಡಗಳನ್ನು ಅವಳೇ ನೆಟ್ಟದ್ದು. ನೀನು ಮಾರುತ್ತೇನೆ ಅನ್ನುವುದು ಆ ಅಂಗಳವನ್ನೇ. "ತಮ್ಮ ಬರ್ತಾನಂತೆ" ಅಂತ ಖುಷಿಯಲ್ಲಿ ಹೇಳಿದಳು. ಯಾಕೆ ಬರುತ್ತೀ ಅಂತ ಅವಳಿಗೆ ಗೊತ್ತಿಲ್ಲ.

ಹೋದ ವರ್ಷ ನನ್ನ ಪಾಲಿನಿಂದ ಹತ್ತು ಸೆಂಟ್ಸ್ ಜಾಗ ಅಕ್ಕನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಅವಳಿಗೆ ಬರಬೇಕಾದದ್ದು ಅದಕ್ಕಿಂತ ಜಾಸ್ತಿ. ಅಣ್ಣಂದಿರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆರ್‌ಟಿಸಿ ಕೈಗೆ ಬಂದ ದಿನ ಅಕ್ಕ ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಹಳೇ ಬೀಡಿ ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿಟ್ಟಳು.

ನೀನು ಬಾ. ಪತ್ರ ಬರೆಯುವವರ ಹತ್ತಿರ ಹೋಗುವ ಮೊದಲು ಒಂದು ಬೆಳಗ್ಗೆ ಅಕ್ಕನ ಎದುರು ಕೂರು. ಕಾಗದ ಪೂರ್ತಿ ಅವಳಿಗೆ ಓದಿ ಹೇಳು. ಅವಳ ಪಾಲು ಎಷ್ಟು ಅಂತಲೂ ಹೇಳು. ಆಲೋಚನೆ ಮಾಡಲು ಅವಳಿಗೆ ಸಮಯ ಕೊಡು. ಬೇಕಾದರೆ ನಾನೂ ಬರುತ್ತೇನೆ. ಯಾವ ಬಸ್ಸು ಅಂತ ತಿಳಿಸು, ಕಟಪಾಡಿಯಲ್ಲಿ ಕಾಯುತ್ತಿರುತ್ತೇನೆ.

ನಿನ್ನ
ಹಳೇ ಗೆಳೆಯ